ಅಮಿತಾಳ ಕೈಯ ಜಡೆ

ನಮ್ಮ ಎದುರು ಮನೆಯ ನಾಗೇಶ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, "ಜಡೆ ಹೆಣೆಯುತ್ತಾನೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ" ಎಂದು ನಾನು ಹೇಳುವುದುಂಟು. ಅದು ಪೂರ್ತಿ ಸುಳ್ಳೇನಲ್ಲ. ಈ ಪರದೇಶದಲ್ಲಿ ನಾವಿರುವ ಪುಂಗೋಲ್‌ನಿಂದ ದಿನವೂ ಬ್ಯೂನಾ ವಿಸ್ಟಾದ ಕಡೆ ಎಂಆರ್‌ಟಿ ರೈಲು ಹಿಡಿದು ಹೋಗಿ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೂತು ಅವನು ಮಾಡುವುದು ಟೊಪಾಲಜಿ ಎಂಬ ಗಣಿತ. ವಸ್ತುವನ್ನು ಎಳೆಯಿರಿ, ಬಗ್ಗಿಸಿ, ಹಿಂಡಿ, ಕತ್ತರಿಸಬೇಡಿ ಅಷ್ಟೇ; ಆಮೇಲೂ ಬದಲಾಗದೆ ಉಳಿಯುವುದು ಏನು ಎಂಬುದು ಅವರ ಚಿಂತೆ. ಅದರಲ್ಲಿ ನಾಗೇಶನ ಪಾಲಿಗೆ ಬಂದದ್ದು ಹೆಣಿಗೆಗಳು. ಒಂದು ಹೆಣಿಗೆಯ ಕೆಳಗೆ ಇನ್ನೊಂದನ್ನು ಸೇರಿಸಿದರೆ ಹೊಸದೊಂದು ಬರುತ್ತದೆ, ಪ್ರತಿಯೊಂದಕ್ಕೂ ಅದನ್ನು ಬಿಚ್ಚಿಹಾಕುವ ಎದುರು ಹೆಣಿಗೆ ಇರುತ್ತದೆ, ಹಾಗಾಗಿ ಅವುಗಳನ್ನು ಅಂಕಿಗಳ ಹಾಗೆ ಕೂಡಿಸಿ ಕಳೆಯಬಹುದಂತೆ. ಮೇಲಿನ ತುದಿಗಳನ್ನು ಕೆಳಗಿನ ತುದಿಗಳಿಗೆ ಅಂಟಿಸಿದರೆ ಗಂಟಾಗುತ್ತದೆ. ಅಂಥ ಒಂದೇ ಒಂದು ಗಂಟು ಮತ್ತು ಅದರ ಸುತ್ತ ಉಳಿದ ಜಾಗದ ಮೇಲೆ ಅವನು ಡಾಕ್ಟರೇಟ್ ಮಾಡಿದ್ದಾನೆ. ಅವನ ಹಾಲ್‌ನಲ್ಲಿ ಒಂದು ಹಲಗೆ ಇದೆ: ಮೇಲೆ ಮೂರು ಮೊಳೆ, ಕೆಳಗೆ ಮೂರು ಮೊಳೆ, ನಡುವೆ ಬಣ್ಣಬಣ್ಣದ ಹಗ್ಗ. ಬಂದವರೆಲ್ಲ ಅದನ್ನು ಮಗುವಿನ ಆಟದ ಸಾಮಾನು ಎಂದುಕೊಳ್ಳುತ್ತಾರೆ.

ಇಂಥ ಪಂಡಿತನಿಗೆ ನಿಜವಾದ ಜಡೆ ಹಾಕಲು ಬರುತ್ತಿರಲಿಲ್ಲ. ಅದು ಹೆಂಡತಿ ಅಮಿತಾಳ ಇಲಾಖೆ. ಅಮಿತಾ ನನ್ನ ಹಾಗೆ ಉಡುಪಿ ಕಡೆಯವಳು. ನಾವಿಬ್ಬರೇ ಇದ್ದರೆ ತುಳು, ಬೆಂಗಳೂರಿನವನಾದ ನಾಗೇಶ ಬಂದು ನಿಂತರೆ ಕನ್ನಡ. ಬೆಳಗ್ಗೆ ಮಗಳು ಶ್ರೀಯಾಳನ್ನು ಕಾರಿಡಾರಿನಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂರಿಸಿ, ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡು ಅವಳು ಜಡೆ ಹಾಕುವುದನ್ನು ನಾನು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ. ಎಲ್ಲರೂ ಹೊರಗಿನ ಎಳೆಯನ್ನು ನಡುವಿನ ಎಳೆಯ ಮೇಲಿನಿಂದ ತಂದರೆ, ಅವಳು ಅಡಿಯಿಂದ ತರುತ್ತಿದ್ದಳು. ಅಜ್ಜಿ ಕಲಿಸಿದ್ದಂತೆ. ನಮ್ಮ ನಿಮ್ಮ ಜಡೆಯಲ್ಲಿ ಎಳೆಗಳು ಕೂಡುವ ಕಡೆಯೆಲ್ಲ ಸಣ್ಣ ಬಾಣಗಳು ಕಾಣುತ್ತವೆ, ಮೊನೆ ಜಡೆಯ ತುದಿಯ ಕಡೆಗೆ. ಅಮಿತಾ ಹಾಕಿದ ಜಡೆಯಲ್ಲಿ ಬಾಣಗಳೆಲ್ಲ ತಲೆಯ ಕಡೆಗೆ.

"ನಿನ್ನ ಜಡೆ ಮಾತ್ರ ಮೇಲಕ್ಕೆ ಹತ್ತುತ್ತದಲ್ಲ ಮಾರಾಯ್ತಿ" ಎಂದು ನಾನು ಛೇಡಿಸಿದರೆ, "ಇಳಿಯೋದಕ್ಕಿಂತ ಹತ್ತೋದು ಒಳ್ಳೇದಲ್ಲವಾ ಉಮಾವತಿ ಆಂಟಿ" ಎಂದು ನಗುತ್ತಿದ್ದಳು.

ಆ ಅಮಿತಾ ಒಂದು ದಿನ ಆಫೀಸಿಗೆ ಹೋದವಳು ಮನೆಗೆ ಬರಲಿಲ್ಲ. ತಲೆಯೊಳಗೆ ರಕ್ತನಾಳ ಒಡೆಯಿತು ಎಂದರು. ಮಗಳಿಗೆ ಆಗ ಏಳು ವರ್ಷ.

ಆಮೇಲೆ ನಾಗೇಶ ಮಾಡಿದ ಕೆಲಸಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಸೀರೆ, ಫೋಟೊ, ಚಪ್ಪಲಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಟೇಪ್ ಹಚ್ಚಿ ಸ್ಟೋರ್‌ರೂಮಿಗೆ ಹಾಕಿದ. ಅವಳ ಹೆಸರು ಆ ಮನೆಯಲ್ಲಿ ನಿಂತೇಹೋಯಿತು. ನಾನು ಎತ್ತಿದರೆ ಫ್ರಿಜ್ ತೆಗೆದು ಸುಮ್ಮನೆ ಒಳಗೆ ನೋಡುತ್ತ ನಿಲ್ಲುತ್ತಿದ್ದ. ಮಗು ಮೊದಮೊದಲು ಅಮ್ಮನ ಮಾತು ತೆಗೆದು, ಅಪ್ಪನ ಮುಖ ನೋಡಿ, ತಾನೂ ಬಿಟ್ಟಿತು. ಅಳುವ ಮನೆಯನ್ನು ಸಹಿಸಬಹುದು. ಏನೂ ಆಗಿಲ್ಲವೆಂಬಂತೆ ಟಿವಿ ಓಡುತ್ತಿರುವ ಮನೆಯ ಬಾಗಿಲು ತಟ್ಟಲು ನನಗೆ ಭಯವಾಗುತ್ತಿತ್ತು.

ಜಡೆ ಹಾಕುವುದನ್ನು ಅವನು ಹಲಗೆಯ ಮುಂದೆ ಕೂತು ಕಲಿತ. ಎಲ್ಲರ ಹಾಗೆ ಮೇಲಿನಿಂದ. ಬೆಳಗ್ಗೆ ಸ್ಕೂಲ್ ಬಸ್ಸಿನ ಗಡಿಬಿಡಿಯಲ್ಲಿ ಆಗದು ಎಂದು ಸಂಜೆ ಸ್ನಾನವಾದ ಮೇಲೆಯೇ, ಕುತ್ತಿಗೆಯ ಹತ್ತಿರ ಒಂದು ರಬ್ಬರ್ ಬ್ಯಾಂಡ್, ತುದಿಗೊಂದು ಹಾಕಿ ಸಡಿಲವಾಗಿ ಹೆಣೆದು ಮಲಗಿಸುತ್ತಿದ್ದ. ಬೆಳಗ್ಗೆ ಅದೇ ಜಡೆಯಲ್ಲಿ ಮಗುವನ್ನು ಕಟ್ಟಡದ ಕೆಳಗಿನ ತೆರೆದ ವಾಯ್ಡ್ ಡೆಕ್‌ಗೆ ಇಳಿಸಿ ಬಸ್ ಹತ್ತಿಸುವುದು ನನ್ನ ಪಾಲಿನ ಕೆಲಸ.

ಹೀಗಿರುವಾಗ ಒಂದು ಬೆಳಗ್ಗೆ ಲಿಫ್ಟಿನಲ್ಲಿ ಶ್ರೀಯಾ ನನಗೆ ಬೆನ್ನು ಮಾಡಿ ನಿಂತಳು. ಬಾಣಗಳು ತಲೆಯ ಕಡೆಗಿದ್ದವು.

ನಾನು ದೈವ ಭೂತಗಳ ನಾಡಿನಲ್ಲಿ ಬೆಳೆದವಳು. ಇಷ್ಟು ವರ್ಷ ಹನ್ನೊಂದನೇ ಮಹಡಿಯಲ್ಲಿದ್ದ ಮಾತ್ರಕ್ಕೆ ಆ ಭಯ ಬಿಟ್ಟುಹೋಗುವುದಿಲ್ಲ. ಮಗುವನ್ನು ಬಸ್ ಹತ್ತಿಸಿ ಮೇಲೆ ಬಂದರೆ ನಾಗೇಶ ಬಾಗಿಲಲ್ಲೇ ನಿಂತಿದ್ದ, ಆಫೀಸಿಗೆ ಹೊರಟವನು ಒಂದೇ ಕಾಲಿಗೆ ಶೂ ಹಾಕಿಕೊಂಡು.

"ನೀವೂ ನೋಡಿದ್ರಾ ಆಂಟಿ?"

"ನೋಡ್ದೆ. ನೀನೇ ಹಾಗೆ ಹಾಕಿದ್ದಲ್ವಾ?"

"ಇಲ್ಲ. ಬನ್ನಿ ತೋರಿಸ್ತೀನಿ." ನನ್ನನ್ನು ಹಲಗೆಯ ಮುಂದೆ ಕೂರಿಸಿದ. ಮೊಳೆಗಳ ನಡುವೆ ತನ್ನ ಜಡೆಯನ್ನು ಹೆಣೆದ, ಪಕ್ಕದಲ್ಲಿ ಅಮಿತಾಳದ್ದನ್ನು ಚಿತ್ರ ಬರೆದ. "ಹಗ್ಗಗಳನ್ನ ಎಷ್ಟು ಬೇಕಾದ್ರೂ ಎಳೆದಾಡಿ. ಇದು ಅದಾಗಲ್ಲ. ಪ್ರೂಫ್ ಇದೆ. ಯಾರೋ ಪೂರ್ತಿ ಬಿಚ್ಚಿ ಮತ್ತೆ ಹೆಣೀಬೇಕು, ಅಷ್ಟೇ. ಶ್ರೀಯಾಗೆ ಹೆಣೆಯೋಕೆ ಬರಲ್ಲ. ಮನೇಲಿ ಇನ್ಯಾರಿದ್ದಾರೆ?"

ಮಾತು ಮುಗಿದರೂ ಅವನು ಹಗ್ಗದ ತುದಿ ಬಿಡಲಿಲ್ಲ. ಹೆದರಿಕೆಯೆಂದುಕೊಂಡೆ. ಹೆದರಿಕೆಯಲ್ಲ, ಆಸೆ.

ಅಂದು ಸಂಜೆ ಅವನು ಮಗಳನ್ನು ಕೇಳಿದನಂತೆ: "ಅಮ್ಮ ಬಂದಿದ್ಲಾ?" ಮಗು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ "ಹೂಂ" ಎಂದಿತು. ಅಷ್ಟೇ ಸಾಕಾಯಿತು. ಕಟ್ಟೆ ಒಡೆದ ಹಾಗೆ ಅವನು ಮಾತಾಡಿದ. ಲಿಫ್ಟಿನಲ್ಲಿ ಡುರಿಯನ್ ಹಣ್ಣಿನ ವಾಸನೆ ಬಂದರೆ ಅಮಿತಾ ಮೂಗು ಮುಚ್ಚಿ ಮೆಟ್ಟಿಲಲ್ಲಿ ಹತ್ತುತ್ತಿದ್ದಳು. ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಟೇಬಲ್ ಹಿಡಿಯಲು ಟಿಶ್ಯೂ ಪ್ಯಾಕೆಟ್ ಇಟ್ಟು ಅದನ್ನೇ ಮರೆತು ಬರುತ್ತಿದ್ದಳು. ಶ್ರೀಯಾ ಹುಟ್ಟಿದ ದಿನ ತಲೆಯಲ್ಲಿ ಕೂದಲೇ ಇಲ್ಲವೆಂದು ಅತ್ತಿದ್ದಳು. ನನ್ನ ಅಡುಗೆಮನೆಗೂ ಅವನ ಧ್ವನಿ ಕೇಳಿಸಿತು.

ಆಮೇಲೆ ವಾರದಲ್ಲಿ ಒಂದೆರಡು ಬೆಳಗ್ಗೆ ಬಾಣಗಳು ಮೇಲಕ್ಕೆ ನೋಡುತ್ತಿದ್ದವು. ನಾಗೇಶ ಪೆಟ್ಟಿಗೆಯ ಟೇಪ್ ಕಿತ್ತು ಅವಳ ಬಾಚಣಿಗೆ ತೆಗೆದು, ಮಗಳ ದಿಂಬಿನ ಪಕ್ಕ ಎಣ್ಣೆ ಬಾಟಲಿಯ ಜೊತೆ ಇಡತೊಡಗಿದ. ಹಾಲ್‌ನಲ್ಲಿ ಅವಳು ಕೂರುತ್ತಿದ್ದ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ; ನಾನು ಮರೆತು ಕೂತಾಗ ಅವನು ನನ್ನನ್ನು ಅಮಿತಾ ಎಂದು ಕೂಗಿದ. ಬಾಣಗಳು ಕೆಳಗಿದ್ದ ದಿನ ಅವನ ಮುಖ ನೋಡುವಂತಿರಲಿಲ್ಲ, ಮಾತಿಲ್ಲ, ಕತೆಯಿಲ್ಲ. ಕೆಲಸದಲ್ಲೂ ಏನೂ ಸಾಗುತ್ತಿಲ್ಲವೆಂದು ತಾನೇ ಹೇಳಿದ. ನಾನು ಹೇಳಬೇಕಿತ್ತು, ಇದು ಸರಿಯಲ್ಲ ಎಂದು. ಏನು ಹೇಳಲಿ? ಸಂಜೆ ಕಾರಿಡಾರಿನಲ್ಲಿ ನಡೆಯುವಾಗ ಅವರ ಬಾಗಿಲ ಹತ್ತಿರ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ನಾನೇ ತುಳುವಿನಲ್ಲಿ ಅಮಿತಾಳನ್ನು ಮಾತಾಡಿಸಿಬಿಡುತ್ತಿದ್ದೆ. ಮಗುವಿನ ಕುತ್ತಿಗೆಯ ಹತ್ತಿರ, ಜಡೆಯ ಬುಡದಲ್ಲಿ ಒಂದು ಕಪ್ಪು ಕ್ಲಿಪ್ ಇರುವುದನ್ನು ಕಂಡಿದ್ದೆ. ಸ್ಕೂಲಿನ ನಿಯಮವಿರಬೇಕು ಎಂದು ಸುಮ್ಮನಿದ್ದೆ.

ಒಂದು ಶನಿವಾರ ಸಂಜೆ, ಮಗಳಿಗೆ ಆಗತಾನೆ ಜಡೆ ಹಾಕಿ ನಾಗೇಶ ಕೆಳಗಿನ ಪ್ಲೇಗ್ರೌಂಡಿಗೆ ಕರೆತಂದ. ನಾನೂ ಅವನ ಜೊತೆ ಬೆಂಚಿನಲ್ಲಿ ಕೂತಿದ್ದೆ. ಶ್ರೀಯಾ ಕಬ್ಬಿಣದ ಸರಳು ಹತ್ತಿ, ಮಂಡಿ ಮಡಿಸಿ ಸಿಕ್ಕಿಸಿಕೊಂಡು, ನಮಗೆ ಬೆನ್ನು ಮಾಡಿ ತಲೆಕೆಳಗಾಗಿ ಜೋತುಬಿದ್ದಳು. ಬೆನ್ನಿಗೆ ಅಂಟಿದ್ದ ಜಡೆ ಮಗುಚಿ ನೆಲದ ಕಡೆಗೆ ತೂಗಿತು, ಅಷ್ಟು ದಿನ ಒಳಗಿದ್ದ ಮೈ ನಮ್ಮ ಕಡೆಗೆ ಬಂತು. ಬಾಣಗಳು ತಲೆಯ ಕಡೆಗೆ ತಿರುಗಿದ್ದವು. ಹಾಡುಹಗಲಿನಂಥ ಬೆಳಕು, ಸುತ್ತ ಮಕ್ಕಳ ಗಲಾಟೆ, ನಡುವೆ ಅಮಿತಾಳ ಜಡೆ.

ಶ್ರೀಯಾ ಕೆಳಗೆ ಹಾರಿ ನಮಗೆ ಬೆನ್ನು ಮಾಡಿ ನೇರ ನಿಂತಳು. ನಾಗೇಶನ ಜಡೆ.

ಅವನು ಎದ್ದು ನಿಂತವನು ಮತ್ತೆ ಕುಸಿದು ಕೂತ. "ಅಯ್ಯೋ. ಆಂಟಿ, ಮೊಳೆ."

"ಏನು ಮೊಳೆ?"

"ನಮ್ಮ ಸಬ್ಜೆಕ್ಟ್‌ನಲ್ಲಿ ತುದಿಗಳನ್ನ ಫಿಕ್ಸ್ ಮಾಡಿಬಿಡ್ತೀವಿ. ಹಾಗೆ ಮಾಡಿದ್ರೆ ಎರಡು ಜಡೇನೂ ಬೇರೆ ಬೇರೆ. ಆದ್ರೆ ಕೂದಲಿಗೆ ಯಾರು ಮೊಳೆ ಹೊಡೀತಾರೆ? ಜಡೆ ಅರ್ಧ ಸುತ್ತು ತಿರುಗಿದ್ರೆ ಸಾಕು, ನಂದು ಅವಳದ್ದಾಗುತ್ತೆ. ಎರಡೂ ಒಂದೇ, ಆ ಕಡೆಯಿಂದ ನೋಡಿದ್ರೆ." ಅವನು ನಕ್ಕ, ಕೇಳಲಾಗದಂಥ ನಗು. "ನನ್ನ ಥೀಸಿಸ್ ಗಂಟು ಇದೇ ಹೆಣಿಗೆಯಿಂದ ಆಗೋದು ಆಂಟಿ. ಅದೂ ಅದರ ಕನ್ನಡಿ ಬಿಂಬವೂ ಒಂದೇ ಅಂತ ಮೊದಲ ಪೇಜಲ್ಲೇ ಬರೆದಿದ್ದೀನಿ. ಮಗಳ ಬೆನ್ನ ಮೇಲೆ ಕಾಣಿಸ್ಲಿಲ್ಲ."

ಆಮೇಲೆ ಮೆಲ್ಲಗೆ ಹೇಳಿದ: "ಅಂದ್ರೆ ಅವಳು ಬರಲೇ ಇಲ್ಲ. ಮಗು ನಿದ್ದೇಲಿ ಹೊರಳಾಡಿದೆ, ಅಷ್ಟೇ."

ಎರಡನೇ ಸಲ ಹೆಂಡತಿಯನ್ನು ಕಳೆದುಕೊಂಡವನ ಮುಖ ಅದು. ನನಗೂ ಅವಳು ಹೋದಂತೆಯೇ ಆಗಿತ್ತು.

"ಶ್ರೀಯಾಗೆ ಹೇಗೆ ಹೇಳ್ಲಿ? ಅಮ್ಮ ಬರ್ತಾಳೆ ಅಂತ ನಾನೇ ನಂಬಿಸಿದ್ದೀನಿ. ಈಗ ನಾನೇ ಕಿತ್ಕೊಬೇಕಾ?"

"ಹೇಳಲೇಬೇಕು ಕಣೋ. ಸುಳ್ಳಿನ ಮೇಲೆ ಮಗೂನ ಎಷ್ಟು ದಿನ ಮಲಗಿಸ್ತೀಯಾ?" ಎಂದೆ. ಹೇಳುವಾಗ ನನಗೇ ಧೈರ್ಯವಿರಲಿಲ್ಲ.

ಶ್ರೀಯಾ ನೀರು ಕುಡಿಯಲು ಬಂದಳು. ನಾಗೇಶ ಅವಳನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಜಡೆಯನ್ನು ಅವಳ ಭುಜದ ಮೇಲಿಂದ ಮುಂದಕ್ಕೆ ತಂದು, ಮೊದಲು ಒಂದು ಮೈ ತೋರಿಸಿ ಆಮೇಲೆ ಮಗುಚಿ ಇನ್ನೊಂದು ತೋರಿಸಿದ. "ನೋಡು ಪುಟ್ಟಿ, ಇದು ಬರೀ ತಿರುಗುತ್ತೆ. ಅಮ್ಮ ಬಂದು... ಅಮ್ಮ ಅಲ್ಲ ಅದು."

ಮಗು ನೀರಿನ ಬಾಟಲಿ ಬಾಯಿಂದ ತೆಗೆಯಿತು. "ಗೊತ್ತು."

"ಗೊತ್ತಾ?"

"ಫಸ್ಟ್ ಟೈಮ್ ಅದೇ ತಿರುಗಿತ್ತು. ಆಮೇಲೆ ನಾನೇ ತಿರುಗಿಸಿ ಕ್ಲಿಪ್ ಹಾಕ್ತಿದ್ದೆ, ಇಲ್ಲಾಂದ್ರೆ ನಿಲ್ಲಲ್ಲ."

"ಯಾಕೆ ಪುಟ್ಟಿ?"

ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ಶ್ರೀಯಾ ಅಪ್ಪನನ್ನು ನೋಡಿದಳು. "ತಿರುಗಿಸಿದ್ರೆ ನೀನು ಅಮ್ಮನ ಸ್ಟೋರಿ ಹೇಳ್ತೀಯ. ತಿರುಗಿಸದಿದ್ರೆ ಹೇಳಲ್ಲ."

ನಾಗೇಶ ಮಗಳ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತ. ಅಮಿತಾ ಸತ್ತ ದಿನ ಅಳದವನು, ಪ್ಲೇಗ್ರೌಂಡಿನ ಅಷ್ಟು ಜನರ ಎದುರು ಅತ್ತ. ಮಗು ಒಂದು ಕೈಯಲ್ಲಿ ಬಾಟಲಿ ಹಿಡಿದು ಇನ್ನೊಂದರಲ್ಲಿ ಅವನ ತಲೆ ಸವರುತ್ತ ನಿಂತಿತ್ತು.

ಮರುದಿನ ಪೆಟ್ಟಿಗೆಗಳೆಲ್ಲ ಸ್ಟೋರ್‌ರೂಮಿನಿಂದ ಹೊರಗೆ ಬಂದವು. ಅಮಿತಾಳ ಫೋಟೊ ಹಲಗೆಯ ಪಕ್ಕಕ್ಕೆ ಬಂತು. ನಾಗೇಶ ಹಲಗೆಯ ಕೆಳಗಿನ ಮೊಳೆಗಳನ್ನು ಕಿತ್ತುಹಾಕಿದ್ದಾನೆ. ಹಗ್ಗಗಳು ಸುಮ್ಮನೆ ಜೋತಾಡುತ್ತವೆ. ಈಗಲೂ ಅವನು ಮೇಲಿನಿಂದಲೇ ಜಡೆ ಹಾಕುವುದು. ನಾನು ಹಾಕಿದ್ದರ ಹಿಂದೆ ಅವಳದ್ದು ಇದ್ದೇ ಇರುತ್ತದಲ್ಲ ಆಂಟಿ, ಎಂದ ಒಮ್ಮೆ. ಅದನ್ನು ಅವನು ಗಣಿತವಾಗಿ ಹೇಳಿದನೋ ಬೇರೆ ರೀತಿಯೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಸೋಮವಾರ ಬೆಳಗ್ಗೆ ಲಿಫ್ಟಿನಲ್ಲಿ ನಾನು ಅಭ್ಯಾಸದಂತೆ ಶ್ರೀಯಾಳ ಬೆನ್ನು ನೋಡಿದೆ. ಬಾಣಗಳು ಕೆಳಗಿದ್ದವು, ಕ್ಲಿಪ್ ಇರಲಿಲ್ಲ. ಅವಳು ಕನ್ನಡಿಯಲ್ಲಿ ನನ್ನನ್ನು ಗಮನಿಸಿದಳು.

"ಇವತ್ತು ತಿರುಗಿಸಿಲ್ಲ ಆಂಟಿ" ಎಂದಳು. "ಆದ್ರೂ ಅಪ್ಪ ಹೇಳ್ದ."