ಯಾರೂ ಕಡಿಯದ ಕಾಯಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದರಲ್ಲೂ ‘ಪಾಪ’ ಎಂಬ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಹುಟ್ಟಿದಾಗಿನಿಂದ ನನ್ನ ಬಲಗಾಲು ಸಣ್ಣದು. ಬಂಕಾಪುರದ ನಮ್ಮ ಓಣಿಯ ಹುಡುಗಿಯರು ನನ್ನನ್ನು ಆಟದಿಂದ ಎಂದೂ ಹೊರಗಿಟ್ಟವರಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಎಂದರೆ ನಾನು ಓಡಬಹುದು, ಅಡಗಬಹುದು, ಆದರೆ ನನ್ನನ್ನು ಯಾರೂ ಮುಟ್ಟಿ ಔಟ್ ಮಾಡುವುದಿಲ್ಲ. ಒಂದು ಸಂಜೆ ಮೇವಿನ ಬಣವೆಯ ಹಿಂದೆ ಅಡಗಿ ಕೂತಿದ್ದೆ. ಕೋಟೆಯ ಕಡೆ ನವಿಲುಗಳು ಕೂಗಿ ಕೂಗಿ ಸುಮ್ಮನಾದವು. ಹೊರಗೆ ಬಂದು ನೋಡಿದರೆ ಆಟ ಮುಗಿದು ಎಲ್ಲರೂ ಮನೆಗೆ ಹೋಗಿದ್ದರು. ನನ್ನನ್ನು ಹುಡುಕಿರಲೇ ಇಲ್ಲ.

ಈಗ ಹಾನಗಲ್ಲಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಸರ್ಕಾರಿ ಭಾಷೆಯಲ್ಲಿ ‘ವಿಶೇಷ ಚೇತನ’ ಮಕ್ಕಳು ಎಲ್ಲೆಲ್ಲಿದ್ದಾರೋ ಆ ಶಾಲೆಗಳಿಗೆ ತಿರುಗಿ ಕಲಿಸುವುದು ನನ್ನ ಕೆಲಸ. ಮೊದಲು ಹಿರೇಕೆರೂರು, ಆಮೇಲೆ ಸವಣೂರು, ಈಗ ಇಲ್ಲಿ. ದಿನಕ್ಕೊಂದು ಊರು. ಯಾವ ಸ್ಟಾಫ್ ರೂಮಿನಲ್ಲೂ ನನ್ನದೆಂಬ ಕುರ್ಚಿಯಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರವರ ಮನೆಯ ಮಾತು ಶುರುವಾಗುತ್ತದೆ. ನಾನು ರೊಟ್ಟಿ ಮುರಿಯುತ್ತ ಕಿಟಕಿಯ ಕಡೆ ನೋಡುತ್ತೇನೆ.

ತಿಳವಳ್ಳಿ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಕೈಗಳು ನಡುಗುತ್ತವೆ, ಮಾತು ಎಳೆದೆಳೆದು ಬರುತ್ತದೆ, ತಲೆ ಮಾತ್ರ ಬಲು ಚುರುಕು. ಅವಳು ಉಳಿದವರೊಡನೆ ಬೆರೆಯಲೆಂದು ಚೌಕಾಬಾರಾ ಶುರುಮಾಡಿದೆ. ನೆಲದ ಮೇಲೆ ಸೀಮೆಸುಣ್ಣದ ಮನೆಗಳು, ನಾಲ್ಕು ಕಡೆ ನಾಲ್ವರು, ಕವಡೆ ಬಿದ್ದಷ್ಟು ಎಣಿಸಿ ಕಾಯಿ ನಡೆಸುವುದು. ಕೂಡಿಸುವ ಲೆಕ್ಕ ತಾನಾಗಿ ಬರುತ್ತದೆ. ಅವಳ ಕೈಯಲ್ಲಿ ಕವಡೆ ನಿಲ್ಲುತ್ತಿರಲಿಲ್ಲ. ಅದಕ್ಕೇ ತೆಂಗಿನ ಚಿಪ್ಪಿನಲ್ಲಿ ಹಾಕಿ ಕುಲುಕಿ ಚೆಲ್ಲಬೇಕೆಂದು ನಿಯಮ ಮಾಡಿದೆ. ಅವಳೊಬ್ಬಳೇ ಅಲ್ಲ, ಎಲ್ಲರೂ. ಮಕ್ಕಳಿಗೆ ಚಿಪ್ಪಿನ ಸದ್ದೇ ಹೆಚ್ಚು ಹಿಡಿಸಿತು.

ಆದರೆ ಅವಳ ಕಾಯಿಯನ್ನು ಯಾರೂ ಕಡಿಯಲಿಲ್ಲ. ಇನ್ನೊಬ್ಬರ ಕಾಯಿ ನಿಂತ ಮನೆಗೆ ನಮ್ಮ ಕಾಯಿ ಬಂದರೆ ಅದನ್ನು ಕಡಿದು ಹೊರಟ ಮನೆಗೇ ವಾಪಸು ಕಳಿಸಬೇಕು. ಒಂದನ್ನಾದರೂ ಕಡಿಯದೆ, ಗೆಲ್ಲುವ ನಡುಮನೆಗೆ ಒಯ್ಯುವ ಒಳಸುತ್ತಿಗೆ ಹೋಗುವಂತಿಲ್ಲ. ಆಟದ ಜೀವವೇ ಅದು. ಮಕ್ಕಳು ಅವಳ ಕಾಯಿ ಎದುರಾದರೆ ತಮ್ಮ ಬೇರೆ ಕಾಯಿ ನಡೆಸುತ್ತಿದ್ದರು. ಅವಳು ಯಾರನ್ನೂ ಕಡಿಯದಿದ್ದರೂ ಒಳಗೆ ಬಿಡುತ್ತಿದ್ದರು. ದಿನಾ ಅವಳೇ ಗೆಲ್ಲುತ್ತಿದ್ದಳು, ದಿನಾ ಚಪ್ಪಾಳೆ. ಸ್ವಲ್ಪ ದಿನಕ್ಕೇ ಅವಳು ಶಾಲೆಗೆ ಬರುವುದು ಬಿಟ್ಟಳು.

ಮನೆಗೆ ಹೋದೆ. ಅವಳ ಅವ್ವ ಚಹಾ ಕೊಟ್ಟು, “ಸಾಲಿಗೆ ಹೋಗಂದ್ರ ಮಾರಿ ತಿರಗಸ್ತಾಳ್ರಿ ಅಕ್ಕೋರ. ಹೆಸರು ಸಾಲ್ಯಾಗ ಇರ್ಲಿ, ನೀವ ವಾರಕ್ಕೊಮ್ಮಿ ಮನೀಗೆ ಬಂದು ಕಲಿಸಿ ಹೋಗ್ರಿ,” ಎಂದಳು. ಅದಕ್ಕೂ ಅವಕಾಶವಿದೆ. ಹಾಗೆ ಮನೆಯಲ್ಲೇ ಉಳಿದ ಮಕ್ಕಳನ್ನು ನಾನು ನೋಡಿದ್ದೇನೆ. ವಾರಕ್ಕೊಮ್ಮೆ ನಾನು, ಉಳಿದ ದಿನ ಗೋಡೆ. ನನಗೆ ಭಯವಾಯಿತು.

ಯಾಕೆ ಬರುವುದಿಲ್ಲವೆಂದು ಹುಡುಗಿಯನ್ನೇ ಕೇಳಿದೆ.

“ಅವ್ರು ನನ್ನ ಕೂಡ... ಆಡೂದಿಲ್ರಿ,” ಎಂದಳು. “ನನ್ನ... ಆಡಸ್ತಾರ.”

“ನಾಳೆ ಒಂದಿನ ಬಾ. ನಾನೂ ಆಡ್ತೇನಿ,” ಎಂದೆ.

ಬಂದಳು. ನಾಲ್ವರಲ್ಲಿ ಒಬ್ಬಳಾಗಿ ನಾನೇ ಕೂತೆ. ಅವಳ ಕಾಯಿ ನನ್ನ ಕಾಯಿಯಿಂದ ಮೂರು ಮನೆ ಮುಂದಿತ್ತು. ನನಗೆ ಮೂರೇ ಬಿತ್ತು. ಕಡಿದೆ.

“ಅಕ್ಕೋರ, ಪಾಪ ಆಕಿ,” ಎಂದಳು ಪಕ್ಕದವಳು.

“ಪಾಪ ಗೀಪ ಏನಿಲ್ಲ. ಆಟ ಅಂದ್ರ ಆಟ.”

ಹುಡುಗಿ ನನ್ನನ್ನು ದುರುಗುಟ್ಟಿ ನೋಡಿದಳು. ಕಣ್ಣಲ್ಲಿ ನೀರು. ಇವಳು ಇನ್ನು ಬರುವುದಿಲ್ಲ ಎಂದುಕೊಂಡೆ. ಅವಳು ಎರಡೂ ಕೈಯಲ್ಲಿ ಚಿಪ್ಪು ಹಿಡಿದು ಕುಲುಕಿದಳು. ಆಮೇಲೆ ಆಟವಿಡೀ ನನ್ನ ಆ ಒಂದು ಕಾಯಿಯ ಬೆನ್ನು ಬಿಡಲಿಲ್ಲ. ಗೆಲ್ಲುವ ದಾರಿ ಇದ್ದರೂ ಬಿಟ್ಟು, ಸುತ್ತು ಹಾಕಿ ಬಂದು, ಕೊನೆಗೂ ಕಡಿದಳು. ಕಡಿದದ್ದನ್ನು ನನ್ನ ಕೈಗೆ ಕೊಡಲಿಲ್ಲ. ತಳ್ಳಿದ ರಭಸಕ್ಕೆ ಅದು ಬಾಗಿಲವರೆಗೆ ಹೋಗಿ ಬಿತ್ತು. ಆ ದಿನ ಅವಳು ಸೋತಳು. ಮರುದಿನ ಎಲ್ಲರಿಗಿಂತ ಮೊದಲು ಶಾಲೆಯ ಗೇಟಿನಲ್ಲಿದ್ದಳಂತೆ.

ಆಮೇಲೆ ಪಕ್ಕದವಳೂ ಅವಳ ಕಾಯಿ ಕಡಿದಳು, ಇವಳೂ ಬಿಡಲಿಲ್ಲ. ಒಮ್ಮೆ ಇಬ್ಬರಿಗೂ ಜೋರು ಜಗಳವೇ ಆಯಿತು. ನಾನು ಬಿಡಿಸಲು ಹೋಗಲಿಲ್ಲ. ಜಗಳಕ್ಕೂ ಒಬ್ಬ ಗೆಳತಿ ಬೇಕು.

ಹೋದ ವಾರ ಆ ಶಾಲೆಗೆ ಹೋದಾಗ ಆಟ ರಂಗೇರಿತ್ತು. ನಾಲ್ಕು ಕಡೆಯೂ ತುಂಬಿತ್ತು. ಬ್ಯಾಗು ಹಿಡಿದು ನಿಂತೇ ಇದ್ದೆ, ಯಾರೂ ತಲೆ ಎತ್ತಲಿಲ್ಲ. ಇದಕ್ಕೇ ಅಲ್ಲವೇ ನಾನು ಒದ್ದಾಡಿದ್ದು? ಸಂತೋಷವಾಯಿತು, ನಿಜ. ಆದರೂ ನನಗೊಂದು ಜಾಗ ಇದೆಯೇ ಎಂದು ಕಣ್ಣು ಹುಡುಕಿತು.

“ಜಾಗಾ ಇಲ್ರಿ ಅಕ್ಕೋರ,” ಎಂದಳು ಒಬ್ಬಳು.

ಹುಡುಗಿ ನನ್ನತ್ತ ನೋಡಿ ತುಸು ಸರಿದು ಕೂತಳು. “ಕುಂದರ್ಲಿ ಬಿಡ... ಪಾಪ,” ಎಂದಳು. “ಅಕ್ಕೋರು... ಆಟಕ್ಕುಂಟು, ಲೆಕ್ಕಕ್ಕಿಲ್ಲ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೂತೆ. ಚಿಪ್ಪು ಕೊಟ್ಟರು. ಚೆಲ್ಲಿದೆ. ನಾಲ್ಕೂ ಕವಡೆ ಅಂಗಾತ ಬಿದ್ದವು, ಚೌಕ. ಚೌಕ ಬಿದ್ದವರು ಇನ್ನೊಮ್ಮೆ ಚೆಲ್ಲಬೇಕು. ಅಷ್ಟರಲ್ಲಿ ಚಿಪ್ಪು ಮುಂದಿನವಳ ಕೈಗೆ ಹೋಗಿತ್ತು.