ಹತ್ತೊಂಬತ್ತು ಸಲ ತೀರಿಕೊಂಡ ಹೆಬ್ಬಾರರು

ಬಾಯಿತುಂಬ ಬಟಾಟೆವಡೆ ಇಟ್ಟುಕೊಂಡು ಸಭೆಯಲ್ಲಿ ಕೂತವನು ಯಾವ ಪ್ರಸ್ತಾಪವನ್ನೂ ನಿರಾಕರಿಸಲಾರ ಎಂಬ ಸೂಕ್ಷ್ಮವನ್ನು ಡೊಂಬಿವಲಿಯ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಚೆನ್ನಾಗಿ ಬಲ್ಲರು. ನಾನು ತಡವಾಗಿ ಅರಿತೆ. ಹಿರಿಯ ಪೋಷಕ ನಟ ವಾಮನ ಹೆಬ್ಬಾರರಿಗೆ ಸನ್ಮಾನ ಮಾಡುವುದು, ಅಂದು ಅವರ ಬಗೆಬಗೆಯ ಪಾತ್ರಗಳ ತುಣುಕುಗಳನ್ನು ಪೋಣಿಸಿ ಅರ್ಧ ಗಂಟೆಯ ಚಿತ್ರವೊಂದನ್ನು ತೋರಿಸುವುದು ಎಂದು ತೀರ್ಮಾನವಾಗಿ, ಅದನ್ನು ಸಿದ್ಧಪಡಿಸುವವರು ಯಾರೆಂದು ಅವರು ಕೇಳಿದ ಕ್ಷಣದಲ್ಲಿ ನನ್ನ ಬಾಯಲ್ಲಿ ವಡೆಯಿತ್ತು, ಕಣ್ಣಲ್ಲಿ ಹಸಿಮೆಣಸಿನಕಾಯಿಯ ನೀರಿತ್ತು. ಆ ನೀರನ್ನು ಅವರು ಕಲಾಭಿಮಾನವೆಂದು ಓದಿಕೊಂಡರು. ನಾನು ನುಂಗಿ ಮುಗಿಸುವುದರೊಳಗೆ ಚಪ್ಪಾಳೆ ಬಿದ್ದಿತ್ತು.

ನಾನು ಗದಗಿನ ಕಡೆಯವನು. ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಕಂಬಿ, ತಗಡುಗಳನ್ನು ಯಾವ ಲಾರಿಗೆ ಯಾವಾಗ ಹೇರಬೇಕೆಂದು ಗೊತ್ತುಪಡಿಸುವುದು ನನ್ನ ವೃತ್ತಿ. ಕಲೆಗೂ ನನಗೂ ಇರುವ ನಂಟು ಸಂಘದ ನಾಟಕಗಳಲ್ಲಿ ಪರದೆ ಎಳೆಯುವ ಹಗ್ಗದಷ್ಟು ಉದ್ದದ್ದು. ಆ ಹಗ್ಗವೂ ಒಮ್ಮೆ ನನ್ನ ಕೈಯಲ್ಲೇ ತುಂಡಾಗಿತ್ತು. ಇನ್ನು ಹೆಬ್ಬಾರರನ್ನು ನೀವೂ ನೋಡಿರುತ್ತೀರಿ, ಹೆಸರು ಮಾತ್ರ ಗೊತ್ತಿರಲಾರದು. ಉಡುಪಿ ಕಡೆಯಿಂದ ಬಂದು, ಠಾಣೆಯಲ್ಲಿ ಸೋದರಮಾವನ ಹೋಟೆಲು ನೋಡಿಕೊಳ್ಳುತ್ತಲೇ, ಕನ್ನಡ ತುಳು ಮರಾಠಿ ಹಿಂದಿ ಎನ್ನದೆ ಕರೆದಲ್ಲೆಲ್ಲ ಹೋಗಿ ನ್ಯಾಯಾಧೀಶ, ವೈದ್ಯ, ಪುರೋಹಿತ, ಕುಡುಕ ಮೇಷ್ಟ್ರು, ಜಿಪುಣ ಜಮೀನ್ದಾರ, ರಾಜನಿಗೆ ಹಿತನುಡಿದು ಸೆರೆಮನೆ ಸೇರುವ ಮಂತ್ರಿ ಎಲ್ಲವೂ ಆದವರು. ನಾಯಕನ ಹಿಂದೆ, ತುಸು ಎಡಕ್ಕೆ, ಉದ್ದ ಮೂಗಿನ ಆತಂಕದ ಮುಖವೊಂದು ನಿಂತಿರುತ್ತಿತ್ತಲ್ಲ, ಅವರೇ.

ತುಣುಕು ಕತ್ತರಿಸಿ ಜೋಡಿಸುವ ವಿದ್ಯೆ ನನ್ನ ಮಗಳು ಮೇಘನಾಗೆ ಗೊತ್ತು. ಇಲ್ಲೇ ಹುಟ್ಟಿ, ಇಲ್ಲೇ ಕಾಲೇಜಿಗೆ ಹೋಗುತ್ತಿರುವ ಅವಳು ನನ್ನ ಕನ್ನಡದ ಪ್ರಶ್ನೆಗಳಿಗೆ ಹಿಂದಿಯಲ್ಲಿ ಉತ್ತರಿಸುವುದನ್ನು ಸಂಸಾರದ ಧರ್ಮವೆಂದು ನಂಬಿದವಳು. ಅಂತರ್ಜಾಲದ ಮೂಲೆಮೂಲೆ ಜಾಲಾಡಿ, ಜಾಹೀರಾತುಗಳ ನಡುವೆ ಉಸಿರು ಹಿಡಿದುಕೊಂಡು ಬದುಕಿದ್ದ ಇಪ್ಪತ್ಮೂರು ಚಿತ್ರಗಳನ್ನು ಪತ್ತೆ ಮಾಡಿದೆವು. ಭಾನುವಾರಗಳೆಲ್ಲ ಹೋದವು. ಮೂರನೆಯ ಭಾನುವಾರ ಒಳಕೋಣೆಯಿಂದ ಮೇಘನಾ ಕೂಗಿದಳು: "ಪಪ್ಪಾ, ಯೇ ಅಂಕಲ್ ಫಿರ್ ಸೇ ಮರ್ ಗಯೇ!"

ನಿಜವೇ. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಚಿತ್ರಗಳಲ್ಲಿ ಹೆಬ್ಬಾರರು ತೀರಿಕೊಂಡಿದ್ದರು. ಕ್ಷಯದಿಂದ, ಗುಂಡೇಟಿನಿಂದ, ಮಗನ ಕಾಗದ ಓದಿದ ಆಘಾತದಿಂದ, ಮೆಟ್ಟಿಲಿನಿಂದ ಉರುಳಿ, ಮಂತ್ರಿಯಾಗಿದ್ದಾಗ ವಿಷದಿಂದ. ಉಳಿದ ನಾಲ್ಕರಲ್ಲಿ ಬದುಕಿ ಉಳಿದದ್ದಕ್ಕೆ ಕಾರಣ, ಸಾಯುವಷ್ಟು ಹೊತ್ತು ಅವರಿಗೆ ಪರದೆಯ ಮೇಲೆ ಅವಕಾಶವೇ ಇರಲಿಲ್ಲ.

ಇದನ್ನು ಹೇಳಲು ಅಂಬರನಾಥದ ಅವರ ಮನೆಗೆ ಹೋದೆ. ಹೆಬ್ಬಾರರು ಕುಗ್ಗುತ್ತಾರೆಂದುಕೊಂಡಿದ್ದೆ, ಅವರು ಅರಳಿದರು. "ಸಾಯುವುದು ಅಂದ್ರೆ ಸುಲಭ ಅಲ್ಲ ಮಾರಾಯ್ರೆ! ವಿಷ ಆದ್ರೆ ಹೊಟ್ಟೆಯಿಂದ ಶುರು ಮಾಡ್ಬೇಕು, ಹೃದಯ ಆದ್ರೆ ಭುಜದಿಂದ. ನಾನು ಒಂದನ್ನು ಇನ್ನೊಂದರ ಹಾಗೆ ಸತ್ತವನಲ್ಲ. ಹತ್ತೊಂಬತ್ತನ್ನೂ ಹಾಕಿ!" ಎಂದು ಸೋಫಾದ ಮೇಲೆಯೇ ಎರಡು ಬಗೆಯ ಅಂತ್ಯವನ್ನು ಪ್ರದರ್ಶಿಸಿ, ಏದುಸಿರು ಬಿಡುತ್ತ ಸ್ನಾನಕ್ಕೆ ಎದ್ದರು.

ಅವರು ಅತ್ತ ಹೋದದ್ದೇ ತಡ, ಇಷ್ಟು ಹೊತ್ತು ಬಾಗಿಲಲ್ಲೇ ನಿಂತಿದ್ದ ಅವರ ಹೆಂಡತಿ ಪದ್ಮಾವತಿಯಮ್ಮ ಕಾಫಿಲೋಟ ಇಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ನೋಡಿ, ಸಾಯುವುದು ಒಂದೂ ಬೇಡ. ನನ್ನಿಂದ ಆಗುವುದಿಲ್ಲ." ಮದುವೆಯಾದ ಹೊಸತರಲ್ಲಿ ಹೆಬ್ಬಾರರು ತಿಂಗಳುಗಟ್ಟಲೆ ಮದರಾಸಿಗೆ ಚಿತ್ರೀಕರಣಕ್ಕೆ ಹೋಗಿದ್ದಾಗ, ಕಲ್ಯಾಣದ ಟಾಕೀಸಿನಲ್ಲಿ ಭಾನುವಾರ ಬೆಳಿಗ್ಗೆ ಅವರ ಮೊದಲ ಕನ್ನಡ ಚಿತ್ರ ಬಂದಿತ್ತಂತೆ. ನೆರೆಯವರ ಜೊತೆ ಹೆಮ್ಮೆಯಿಂದ ಹೋದ ಹುಡುಗಿಯ ಕಣ್ಣೆದುರೇ ಗಂಡ ರಕ್ತ ಕಾರಿ ಸತ್ತ. ಫೋನಿಲ್ಲದ ಕಾಲ. "ನಟನೆ ಅಂತ ನಂಗೂ ಗೊತ್ತುಂಟು. ಆದ್ರೂ ಇವರ ಕಾಗದ ಬರುವವರೆಗೆ, ಎಂಟು ದಿನ, ಅನ್ನ ಇಳಿಯಲಿಲ್ಲ ನೋಡಿ." ಅಂದಿನಿಂದ ಯಾವ ಚಿತ್ರದಲ್ಲೇ ಆಗಲಿ, ಹೆಬ್ಬಾರರ ಲಕ್ಷಣ ಸರಿಯಿಲ್ಲವೆನಿಸಿದ ಕೂಡಲೇ ಎದ್ದು ಹೊರಗೆ ಬಂದುಬಿಡುವುದು ಅವರ ರೂಢಿ.

"ಅಕ್ಕಾರ, ಸಾವು ತಗದ್ರ ಉಳಿಯೂದು ನಾಕ ನಿಮಿಷ ನೋಡ್ರಿ!" ಎಂದೆ.

"ನಾಲ್ಕೇ ನಿಮಿಷ ಹಾಕಿ," ಎಂದರು.

ಅಲ್ಲಿಂದ ಸನ್ಮಾನದ ದಿನದವರೆಗೆ ನನ್ನ ಬಾಳು ಲಟಾರಿ ಲಾರಿಯಂತೆ ಎರಡೂ ಕಡೆ ವಾಲಿತು. ಬೆಳಿಗ್ಗೆ ಲೋಕಲ್‌ನ ನೂಕುನುಗ್ಗಲಿನಲ್ಲಿ ಯಾರದೋ ಬ್ಯಾಗು ಪಕ್ಕೆಗೆ ಒತ್ತುತ್ತಿರುವಾಗ ಹೆಬ್ಬಾರರ ಫೋನು: ಮೆಟ್ಟಿಲಿನ ಸಾವಿನಲ್ಲಿ ಮೂರನೆಯ ಉರುಳನ್ನು ಕತ್ತರಿಸಬಾರದು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪದ್ಮಾವತಿಯಮ್ಮನ ಫೋನು: ಕೆಮ್ಮು ಕೂಡ ಬೇಡ, ಕೆಮ್ಮಿನಿಂದಲೇ ಎಲ್ಲ ಶುರುವಾಗುವುದು. ಇಬ್ಬರೂ ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯ ಸಾರು ಉಂಡು, ಈ ವಿಷಯ ಪರಸ್ಪರ ಮಾತಾಡದೆ, ಇಪ್ಪತ್ತು ಮೈಲಿಯಾಚೆಯ ಕಬ್ಬಿಣದ ರಾಶಿಯ ನಡುವೆ ನಿಂತ ನನ್ನ ಮೂಲಕ ದಾಂಪತ್ಯ ನಡೆಸಬೇಕೆ? ಒಮ್ಮೆ ಸಿಟ್ಟಿನ ಭರದಲ್ಲಿ ನಾಸಿಕಕ್ಕೆ ಹೊರಡಬೇಕಾದ ತಗಡನ್ನು ಸೂರತ್ತಿಗೆ ಕಳಿಸಿದೆ. ಹೇಡಿಗಳು ಮಾಡುವುದನ್ನೇ ಕೊನೆಗೆ ನಾನೂ ಮಾಡಿದೆ: ಮೇಘನಾಳಿಂದ ಎರಡು ಚಿತ್ರ ಮಾಡಿಸಿದೆ. ಒಂದು ನಾಲ್ಕು ನಿಮಿಷದ್ದು, ನಿರಪಾಯಕಾರಿ. ಇನ್ನೊಂದು ಸಂಪೂರ್ಣ ಸಂಹಾರ.

ಆ ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಹೆಣ್ಣಿನ ಕಣ್ಣೀರಿಗೆ ಹೆದರುವ ಜಾತಿಯವನಾದ ನಾನು ನಾಲ್ಕು ನಿಮಿಷದ್ದನ್ನೇ ಹಾಕಿಸಿದೆ. ಹೆಬ್ಬಾರರು ತೀರ್ಪು ಓದಿದರು, ನಾಡಿ ನೋಡಿದರು, ಮಂತ್ರ ಹೇಳಿದರು, ನಾಯಕನಿಗೆ ಕೊಡೆ ಹಿಡಿದರು. ಮುಗಿಯಿತು. ಪೀಠಿಕೆಯೆಂದು ಬಗೆದ ಜನ ಹಗುರಾಗಿ ಚಪ್ಪಾಳೆ ತಟ್ಟಿ ಮುಂದಿನದಕ್ಕೆ ಕಾದರು. ದೀಪ ಹತ್ತಿತು. ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ಹೆಬ್ಬಾರರು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಇಷ್ಟು ವರ್ಷ ಇವುಗಳಿಂದ ಮಾಡಿದ್ದು ಇಷ್ಟೆಯೇ ಎಂಬಂತೆ.

ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಪದ್ಮಾವತಿಯಮ್ಮ ಅದನ್ನು ನೋಡಿದರು. ಸ್ವಲ್ಪ ಹೊತ್ತು ಸೆರಗಿನ ತುದಿ ಹಿಂಡಿದರು. ಆಮೇಲೆ ನನ್ನತ್ತ ಬಾಗಿ, "ಇವರಿಗಾಗಿ ಇನ್ನೊಂದು ಮಾಡಿಟ್ಟಿರ್ತೀರಿ, ನಂಗೆ ಗೊತ್ತುಂಟು. ಅದನ್ನೂ ಹಾಕಿ," ಎಂದರು.

"ಅಕ್ಕಾರ, ಹೊರಗ ಹೋಗ್ತೀರೇನು?"

"ಇಲ್ಲ. ಇಲ್ಲೇ ಕೂತ್ಕೊಳ್ತೇನೆ."

ಮೊದಲ ಸಾವಿಗೆ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಎರಡನೆಯದಕ್ಕೆ ನನ್ನ ಕುರ್ಚಿಯ ಕೈ ಹಿಡಿದರು. ನಾಲ್ಕನೆಯದಕ್ಕೆ ಕಣ್ಣು ತೆರೆದಿತ್ತು. ಏಳನೆಯದಕ್ಕೆ ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ಏನನ್ನೋ ಹುಡುಕುವವರಂತೆ ನೋಡತೊಡಗಿದರು. ಹತ್ತನೆಯ ಸಾವಿನಲ್ಲಿ, ಗುಂಡು ತಗುಲಿದ ಜಮೀನ್ದಾರರು ತೂರಾಡುತ್ತಿರುವಾಗ, ಇಡೀ ಸಭಾಂಗಣಕ್ಕೆ ಕೇಳುವಂತೆ ಅವರಿಂದ ಹೊರಟಿತು: "ಅಯ್ಯೋ ದೇವರೇ! ಇವರು ಬೀಳುವ ಮುಂಚೆ ನೆಲ ಕ್ಲೀನ್ ಉಂಟಾ ಅಂತ ನೋಡ್ತಾರೆ!"

ಹನ್ನೊಂದನೆಯದರಲ್ಲಿ ಎಲ್ಲರೂ ಗಮನಿಸಿದೆವು. ಹೌದು. ವಿಷ ಕುಡಿದ ಮಂತ್ರಿವರ್ಯರು ಹೊಟ್ಟೆ ಹಿಡಿದುಕೊಂಡು, ಓರೆಗಣ್ಣಿನಿಂದ ನೆಲವನ್ನೊಮ್ಮೆ ಪರೀಕ್ಷಿಸಿ, ಪಂಚೆಯನ್ನು ನಾಲ್ಕು ಬೆರಳು ಎತ್ತಿಕೊಂಡು ಬಿದ್ದರು. ನಗು ಹಿಂದಿನ ಸಾಲಿನಿಂದ ಹೊರಟು ಮುಂದಕ್ಕೆ ಉರುಳಿತು. ಪದ್ಮಾವತಿಯಮ್ಮ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರೋ ಅಳುತ್ತ ನಗುತ್ತಿದ್ದರೋ, ತಿಳಿಯಲಿಲ್ಲ. ಹತ್ತೊಂಬತ್ತೂ ಮುಗಿಯುವವರೆಗೆ ಅವರು ಕುರ್ಚಿ ಬಿಡಲಿಲ್ಲ.

ಧ್ವನಿವರ್ಧಕದ ಮುಂದೆ ನಿಂತ ಹೆಬ್ಬಾರರ ಮುಖ ಬಿಗಿದಿತ್ತು. "ಏಳು ಮಂದಿ ನಿರ್ದೇಶಕರು, ಸಾವಿರಾರು ಪ್ರೇಕ್ಷಕರು, ಒಬ್ಬರೂ ನನ್ನನ್ನು ಹಿಡಿಯಲಿಲ್ಲ," ಎಂದರು. "ಪಂಚೆ ಮನೆಯದ್ದೇ, ಕೊಳೆಯಾದ್ರೆ ಒಗೆಯುವವಳು ಇವಳು. ಅದೊಂದು ತಲೆಯಲ್ಲಿ ಇರುತ್ತಿತ್ತು." ಅಷ್ಟು ಹೇಳಿ ಕೂತರು. ಅವರು ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

ಇಲ್ಲಿಗೆ ನನ್ನ ಬಿಡುಗಡೆಯಾಯಿತೆಂದು ನೀವು ಭಾವಿಸುವಿರಾದರೆ ನೀವೂ ನನ್ನಷ್ಟೇ ಮುಗ್ಧರು. ಪದ್ಮಾವತಿಯಮ್ಮನಿಗೆ ಈಗ ತಾವು ಬಿಟ್ಟೆದ್ದ ಉತ್ತರಾರ್ಧಗಳನ್ನೆಲ್ಲ ನೋಡಬೇಕಿದೆ. ಹೆಸರು ನೆನಪಿಲ್ಲ, ಕಥೆ ಅರ್ಧ ಗೊತ್ತು, ಹುಡುಕುವವನು ನಾನು. ಕಳೆದ ವಾರ ಬಹಳ ಒದ್ದಾಡಿ ಒಂದನ್ನು ಪತ್ತೆ ಮಾಡಿ ಕಳಿಸಿದ್ದೆ. ಮರುದಿನ ಮಧ್ಯಾಹ್ನ, ಎರಡು ಲಾರಿಗಳು ಗೇಟಿನಲ್ಲಿ ಒಂದಕ್ಕೊಂದು ಅಡ್ಡ ನಿಂತು ಹಾರ್ನ್ ಒದರುತ್ತಿರುವಾಗ, ಅವರ ಫೋನು ಬಂತು.

"ಇದರಲ್ಲಿ ಇವರು ಸಾಯುವುದೇ ಇಲ್ಲ ಮಾರಾಯ್ರೆ!" ದನಿ ಒಡೆದಿತ್ತು. "ಕೆಮ್ಮಿದ ಕೂಡಲೇ ನಾನು ಎದ್ದು ಬಂದಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದೆ. ಬರೀ ಶೀತ ಅಂತೆ! ಮಗಳ ಮದುವೆ ಆಗ್ತದೆ, ಇವರೇ ಧಾರೆ ಎರೀತಾರೆ."

ಹಿಂದಿನಿಂದ ಹೆಬ್ಬಾರರ ಗೊಣಗು ಕೇಳಿಸಿತು: "ನೀನು ಕೇಳಿದ್ದಾ? ಕೇಳಿದ್ರೆ ಹೇಳ್ತಿದ್ದೆ."

"ಛಲೋ ಆತ್ರಿ ಅಕ್ಕಾರ," ಎಂದೆ.

ಪದ್ಮಾವತಿಯಮ್ಮ ದನಿ ತಗ್ಗಿಸಿ ಹೇಳಿದರು: "ಧಾರೆ ಎರೆಯುವಾಗ ಇವರ ಪಕ್ಕ ಹಸಿರು ಸೀರೆ ಉಟ್ಟು ನಿಂತಿದ್ದಾಳಲ್ಲ, ಅದು ಯಾರು ಅಂತ ಸ್ವಲ್ಪ ಹುಡುಕಿ ನೋಡಿ. ಇವರನ್ನು ಕೇಳಿದ್ರೆ ನೆನಪಿಲ್ಲ ಅಂತಾರೆ."