ಪ್ರಳಯಕ್ಕೆ ಹೊಲಿದ ಬಟ್ಟೆ

ಹೊಸ ಷರ್ಟಿನ ಕಾಲರಿನೊಳಗೆ ಕಂಪನಿಯವರು ಒಂದು ಲೇಬಲ್ಲು ಹೊಲಿದಿರುತ್ತಾರಲ್ಲ, ಅದರಷ್ಟು ಹಟಮಾರಿ ವಸ್ತು ಇನ್ನೊಂದಿಲ್ಲ. ದಿನವಿಡೀ ಕತ್ತು ಕೆರೆಸುತ್ತದೆ. ಮೊನ್ನೆ ಭಾನುವಾರ ಬ್ಲೇಡು ಹಿಡಿದು ಅದನ್ನು ಬಿಚ್ಚುತ್ತ ಕೂತಿದ್ದೆ. ಈ ಕೆಲಸದಲ್ಲಿ ನನ್ನದು ಪಳಗಿದ ಕೈ ಎಂದು ಹೆಮ್ಮೆಯೂ ಆಯಿತು. ಆ ಕೈ ಎಲ್ಲಿ ಪಳಗಿತೆಂದು ನೆನಪಾದ ಮೇಲೆ ಹೆಮ್ಮೆ ಇಳಿಯಿತು.

ನಮ್ಮ ಚಿಕ್ಕಮ್ಮ ಮುನಿತಾಯಮ್ಮನಿಗೆ ಕೆಂಪಾಪುರದಲ್ಲಿ ಹೊಲಿಗೆ ಅಂಗಡಿಯಿತ್ತು. ನೀವು ಹೆಬ್ಬಾಳದ ಕಡೆಯವರಾದರೆ ಅದರ ಮುಂದೆ ಹಾದುಹೋಗಿದ್ದೀರಿ; ಗಮನಿಸಿರುವುದಿಲ್ಲ, ಅಷ್ಟೆ. ಎರಡನೆಯ ಗಿರಾಕಿ ಬಂದರೆ ಮೊದಲನೆಯವರು ಹೊರಗೆ ನಿಲ್ಲಬೇಕು, ಅಷ್ಟಗಲ. ಆದರೂ ಅಲ್ಲಿ ಹೊಲಿದ ಪ್ರತಿ ಬಟ್ಟೆಗೂ ಕೆಂಪು ಅಕ್ಷರದ 'ಮುನಿತಾಯಮ್ಮ ಟೈಲರ್ಸ್, ಕೆಂಪಾಪುರ' ಎಂಬ ಲೇಬಲ್ಲು ಬೀಳಲೇಬೇಕು. ನನ್ನ ಕಾಲೇಜಿನ ಷರ್ಟುಗಳೆಲ್ಲ ಅವಳ ಕೈಯವೇ. ಗೆಳೆಯನೊಬ್ಬ ಕಾಲರು ಮಗುಚಿ, "ಏನ್ ಮಗಾ, ಫಾರಿನ್ ಬ್ರ್ಯಾಂಡಾ?" ಎಂದು ನಕ್ಕ ದಿನ ಮನೆಗೆ ಬಂದು ಬ್ಲೇಡು ಹುಡುಕಿದೆ. ಮುಂದೆ ಬಂದ ಷರ್ಟುಗಳಿಗೂ ಅದೇ ಸಂಸ್ಕಾರವಾಯಿತು. ಗುಂಡಿ ಕಿತ್ತುಹೋದಾಗ ಆ ಷರ್ಟುಗಳನ್ನು ಅವಳಿಗೇ ಹೊಲಿಯಲು ಕೊಡುತ್ತಿದ್ದೆ. ಅವಳು ಏನೂ ಅನ್ನದಿದ್ದರಿಂದ ಲೇಬಲ್ಲು ಇಲ್ಲದ್ದನ್ನು ನೋಡಿಲ್ಲವೆಂದುಕೊಂಡೆ.

ಏರ್‌ಪೋರ್ಟ್ ರಸ್ತೆಯ ಮೇಲೆ ಇನ್ನೊಂದು ರಸ್ತೆ ಕಟ್ಟುತ್ತಿದ್ದ ಕಾಲ ಅದು. ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಯುವಕನೊಬ್ಬ ಸಿನಿಮಾ ತೆಗೆಯಲು ಹೊರಟ. ಭೂಮಿ ಹಾಳಾಗಿ, ಗಾಳಿ ವಿಷವಾಗಿ, ಉಳಿದ ಹನ್ನೆರಡು ಜನ ನೀರು ಹುಡುಕಿಕೊಂಡು ಅಲೆಯುವ ಕತೆ. ರಾಜಾನುಕುಂಟೆಯಾಚೆಯ ಪಾಳುಬಿದ್ದ ಕಲ್ಲುಕ್ವಾರಿಯೇ ಭೂಮಿ. ಹನ್ನೆರಡು ಜನರ ಬಟ್ಟೆ ಚಿಕ್ಕಮ್ಮನ ಪಾಲಿಗೆ ಬಂತು. "ಟೈಟಲ್ಲಲ್ಲಿ ನಿಮ್ ಹೆಸರು ಹಾಕ್ತೀನಿ ಆಂಟಿ" ಎಂದ. ಅವಳಿಗೆ ಅಂದಿನಿಂದ ಅದೊಂದೇ ಧ್ಯಾನ. ಅಷ್ಟು ವರ್ಷ ಜನರ ಕಾಲರಿನೊಳಗೆ ಅಡಗಿ ಕೂತಿದ್ದ ಹೆಸರು ಒಮ್ಮೆ ಎಲ್ಲರೆದುರು ಪರದೆಯ ಮೇಲೆ ಬರಬೇಕು.

ಬಟ್ಟೆ ಧೂಳು ಹಿಡಿದಿರಬೇಕು ಎಂದು ಅವನು ಹೇಳಿದ್ದು ಕಷ್ಟವಾಗಲಿಲ್ಲ. ನಮ್ಮ ಟೆರೇಸಿನ ತಂತಿಯ ಮೇಲೆ ಎರಡು ದಿನ ಹಾಕಿದಳು, ರಸ್ತೆ ಕೆಲಸದ ಧೂಳಿಗೆ ಪ್ರಳಯದ ಬಣ್ಣ ತಾನಾಗಿ ಬಂತು. ತಕರಾರು ಹುಟ್ಟಿದ್ದು ಹರಕಿನಲ್ಲಿ. ಹರಿಯಲು ಹೇಳಿದ ಕಡೆಯೆಲ್ಲ ಹರಿದಿದ್ದಳು, ಆದರೆ ಮತ್ತೆ ಸೀಳದ ಹಾಗೆ ಪ್ರತಿ ಹರಕಿನ ಅಂಚನ್ನೂ ಮಡಿಸಿ ಹೊಲಿದಿದ್ದಳು. ನಿರ್ದೇಶಕ ತಲೆ ಚಚ್ಚಿಕೊಂಡ.

"ಆಂಟಿ, ಭೂಮಿನೇ ಮುಗ್ದೋಗಿದೆ. ಇದನ್ನೆಲ್ಲ ಯಾರು ಕೂತ್ಕೊಂಡು ಹೊಲೀತಾರೆ?"

"ಅಲ್ಲಪ್ಪಾ, ಅಷ್ಟು ಜನ ಉಳ್ಕಂಡವ್ರೆ ತಾನೆ? ಸೂಜಿ ದಾರ ಇಲ್ದೆ ಎಂಗಪ್ಪಾ ಉಳ್ಕಂಡ್ರು?"

  ಮುಖ ಊದಿಸಿಕೊಂಡು ಬಟ್ಟೆ ಒಯ್ದವನು ಮತ್ತೆ ಅಂಗಡಿಯತ್ತ ಸುಳಿಯಲಿಲ್ಲ.

ಯಶವಂತಪುರದ ಚಿತ್ರಮಂದಿರಕ್ಕೆ ಸಿನಿಮಾ ಬಂದ ದಿನ ಚಿಕ್ಕಮ್ಮ ರೇಷ್ಮೆ ಸೀರೆಯುಟ್ಟು ಹೊರಟಳು. ಹೆಸರುಗಳು ಶುರುವಿನಲ್ಲೇ ಬಂದವು. ಕ್ವಾರಿಗೆ ಊಟ ತಂದವರ ಹೆಸರೂ ಇತ್ತು, ಇವಳದಿರಲಿಲ್ಲ.

"ಬಿರ್ರನೆ ಓಗ್ಬುಡ್ತು ಕಣೋ. ನೀನು ನೋಡ್ದಾ?"

"ಇಲ್ಲ ಚಿಕ್ಕಮ್ಮ, ನನಗೂ ಓದಕ್ಕಾಗ್ಲಿಲ್ಲ" ಎಂದು ಸುಳ್ಳು ಹೇಳಿದೆ. ಅವಳು ಸೆರಗಿನ ಅಂಚು ನೀವುತ್ತ ಕೂತಳು. ನನಗೆ ಸಿನಿಮಾ ರುಚಿಸಲಿಲ್ಲ.

ಕೊನೆಯಲ್ಲಿ ನಾಯಕನಿಗೆ ಬಂಡೆಯ ಸಂದಿಯಲ್ಲಿ ನೀರು ಸಿಕ್ಕಿತು. ಸತ್ತ ಗೆಳೆಯನ ಅಂಗಿಯನ್ನು ಅದರಲ್ಲಿ ಅದ್ದಿ, ಎತ್ತಿ ಬಾಯಿಗೆ ಹಿಂಡಿಕೊಂಡ. ಕ್ಯಾಮೆರಾ ಹತ್ತಿರ ಹೋಯಿತು. ಅಂಗಿ ಒಳಮೈ ಹೊರಗಾಗಿತ್ತು. ಪರದೆಯಗಲಕ್ಕೂ ಕೆಂಪು ಅಕ್ಷರ: ಮುನಿತಾಯಮ್ಮ ಟೈಲರ್ಸ್, ಕೆಂಪಾಪುರ.

"ಗುರೂ, ಪ್ರಪಂಚ ಮುಗ್ದೋದ್ರೂ ಕೆಂಪಾಪುರ ಉಳ್ಕೊಂಡಿದೆ ಕಣೋ!" ಎಂದು ಯಾರೋ ಕೂಗಿದರು. ಇಡೀ ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ನಾನು ಕುರ್ಚಿಯಲ್ಲಿ ಕುಗ್ಗಿ ಪಕ್ಕಕ್ಕೆ ನೋಡಿದರೆ ಚಿಕ್ಕಮ್ಮ ಎದ್ದು ನಿಂತಿದ್ದಾಳೆ. "ಕೂತ್ಕೊಳಮ್ಮಾ, ಕಾಣಲ್ಲ" ಎಂದರು ಹಿಂದಿನವರು. ಅವಳು ತಿರುಗಿ, "ಅದು ನಾನೇ" ಎಂದಳು.

ಮೊನ್ನೆ ಲೇಬಲ್ಲು ಬಿಚ್ಚಿದ ಆ ಹೊಸ ಷರ್ಟು ಹಿಡಿದು ಸೀದಾ ತಣಿಸಂದ್ರಕ್ಕೆ, ಅವಳೀಗ ಇರುವ ಮಗಳ ಮನೆಗೆ ಹೋದೆ. ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಕಣ್ಣು ಮಂಜು. ಬಿಸ್ಕತ್ತಿನ ಡಬ್ಬದಲ್ಲಿ ಲೇಬಲ್ಲುಗಳು ಇನ್ನೂ ಇದ್ದವು. ಒಂದು ಹೊಲಿದುಕೊಡೆಂದೆ. ಏಕೆಂದು ಕೇಳದೆ ಸೂಜಿಯನ್ನು ನನ್ನ ಕೈಗಿಟ್ಟಳು, ದಾರ ಪೋಣಿಸಿಕೊಟ್ಟೆ. ಬೆರಳಲ್ಲೇ ತಡವಿ ತಡವಿ ನಾಲ್ಕೂ ಅಂಚು ಹೊಲಿದಳು. ದಾರವನ್ನು ಹಲ್ಲಿನಲ್ಲಿ ಕಡಿದು ಷರ್ಟು ಕೊಡುತ್ತ ಹೇಳಿದಳು:

"ಈ ಸಲ ಗಟ್ಟಿಯಾಗಿ ಆಕಿವ್ನಿ. ನಿನ್ ಬ್ಲೇಡ್ಗೆ ಬಗ್ಗಾಕಿಲ್ಲ."